ಒಂದೆಲುಬು ಕೊರೆಯಾದ ಕಾಲು

ವಾಚಕರು ತಮ್ಮ ಹರಡಿನ ಹೊರಮಗ್ಗುಲನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಬಹುದು. ಅಲ್ಲಿ ಕೈಗೆ ತಗಲುವ ಉಬ್ಬು ಫಿಬ್ಯುಲ ಎಂಬ ಎಲುಬಿನ ಕೆಳತುದಿ. ಮೊಣಕಾಲಿನಿಂದ ಜೊತೆಯಾಗಿ ಇಳಿದುಬರುವ ಎರಡು ಎಲುಬುಗಳಲ್ಲಿ ಇದು ತೆಳುವಾದುದು. ಮೈಭಾರದ ಬಹುಪಾಲನ್ನು ಹೊರುವುದು ನೆರೆಯ ದಪ್ಪ ಎಲುಬಾದ ಟಿಬಿಯ. ಹಾಗಾದರೆ ಫಿಬ್ಯುಲ ಇಲ್ಲದಿದ್ದರೇನು ನಷ್ಟ? ಸುಮಾರು ನಲವತ್ತು ಸಾವಿರ ಶಿಶುಗಳಲ್ಲಿ ಒಂದು ಈ ಎಲುಬು ಪೂರ್ತಿಯಾಗಿಯೋ ಭಾಗಶಃವೋ ಇಲ್ಲದೆ ಹುಟ್ಟುತ್ತದೆ. ಆ ಮಗುವಿನ ಕಾಲೇ ಇದಕ್ಕೆ ಉತ್ತರ.

ಫಿಬ್ಯುಲದ ತುದಿ ಹರಡಿನ ಕೀಲಿಗೆ ಹೊರಗೋಡೆಯಿದ್ದಂತೆ. ಗೋಡೆಯಿಲ್ಲದಿರಲು ಪಾದ ಹೊರಕ್ಕೆ ಜಾರುತ್ತದೆ. ಎಲುಬಿರಬೇಕಾದ ಎಡೆಯಲ್ಲಿ ಅನೇಕ ವೇಳೆ ಗಡುಸಾದ ನಾರಿನ ಪಟ್ಟಿಯೊಂದಿದ್ದು, ಬಾಗಿದ ಟಿಬಿಯಕ್ಕೆ ಬಿಲ್ಲಿನ ಹೆದೆಯಂತೆ ಬಿಗಿದಿರುತ್ತದೆ. ಹೊರಬದಿಯ ಒಂದೆರಡು ಬೆರಳುಗಳೂ ಇಲ್ಲದಿರುವುದುಂಟು. ಇವೆಲ್ಲದರ ಜೊತೆಗೆ ಕಾಲೇ ಗಿಡ್ಡ.

ಬಸುರಿಯ ಮೇಲೆ ಗ್ರಹಣದ ನೆರಳು ಬಿದ್ದುದೇ ಇಂಥದಕ್ಕೆಲ್ಲ ಕಾರಣವೆಂದು ಹೇಳುವವರು ನಮ್ಮಲ್ಲಿ ಇದ್ದಾರೆ. ಭೌತಶಾಸ್ತ್ರ ಬೋಧಿಸುವವನಾಗಿ ನಾನು ಇಷ್ಟನ್ನು ಹೇಳಬಲ್ಲೆ: ಪ್ರತಿ ರಾತ್ರಿಯೂ ನಾವೆಲ್ಲ ಭೂಮಿಯ ನೆರಳಿನಲ್ಲಿಯೇ ಮಲಗುತ್ತೇವೆ. ಭ್ರೂಣದ ಕಾಲು ರೂಪುಗೊಳ್ಳುವುದು ನಾಲ್ಕರಿಂದ ಎಂಟನೆಯ ವಾರದೊಳಗೆ. ಬಹುತೇಕ ಪ್ರಸಂಗಗಳಲ್ಲಿ ಈ ಕೊರತೆ ವಂಶದಿಂದ ಬಂದುದಲ್ಲ. ತಾಯಿಯ ತಪ್ಪಂತೂ ಅಲ್ಲ.

ಇನ್ನು ಸ್ವಲ್ಪ ಲೆಕ್ಕ. ಈ ಮಕ್ಕಳ ಎರಡು ಕಾಲುಗಳ ಉದ್ದದ ಪ್ರಮಾಣ ಬೆಳವಣಿಗೆಯುದ್ದಕ್ಕೂ ಹೆಚ್ಚುಕಡಮೆ ಒಂದೇ ಆಗಿರುತ್ತದೆ. ಹುಟ್ಟುವಾಗ ಇದ್ದ ಕಾಲಿನ ಉದ್ದ ಕೊನೆಗೆ ಗಂಡಿನಲ್ಲಿ ಸುಮಾರು 5 ಪಟ್ಟು, ಹೆಣ್ಣಿನಲ್ಲಿ ಸುಮಾರು 4.6 ಪಟ್ಟು ಆಗುತ್ತದೆ. ಶಸ್ತ್ರವೈದ್ಯ ಡ್ರೋರ್ ಪೇಲಿ ಮತ್ತು ಸಂಗಡಿಗರು 2000ದಲ್ಲಿ ಇಂಥ ಗುಣಕಗಳನ್ನು ಪ್ರಕಟಿಸಿದರು. ಗಂಡುಶಿಶುವಿನ ಕಾಲುಗಳಲ್ಲಿ 2 ಸೆಂಟಿಮೀಟರ್ ಅಂತರವಿದ್ದರೆ ಪ್ರಾಯದಲ್ಲಿ ಅದು 10 ಸೆಂಟಿಮೀಟರ್ ಆದೀತೆಂದು ತೊಟ್ಟಿಲ ಬಳಿಯಲ್ಲಿಯೇ ಹೇಳಬಹುದು.

ಆ ಹತ್ತನ್ನು ಎಲ್ಲಿಂದ ತರುವುದು? ಸೈಬೀರಿಯದ ಕುರ್ಗಾನ್ ಪಟ್ಟಣದ ವೈದ್ಯ ಗವ್ರಿಲ್ ಇಲಿಜಾರೊವ್ 1950ರ ದಶಕದಲ್ಲಿ ದಾರಿ ಕಂಡರು. ಕಾಲಿನ ಸುತ್ತ ಲೋಹದ ಬಳೆಗಳನ್ನು ಇಟ್ಟು, ಎಲುಬಿನ ಮೂಲಕ ಹಾಯಿಸಿದ ಸಣ್ಣ ತಂತಿಗಳನ್ನು ಅವಕ್ಕೆ ತಂಬೂರಿಯ ತಂತಿಯಂತೆ ಬಿಗಿಯುತ್ತಾರೆ. ಬಿಗಿದ ತಂತಿ ಸಣ್ಣದಾದರೂ ಬಾಗದೆ ಭಾರ ತಡೆಯುತ್ತದೆ. ಆಮೇಲೆ ಎಲುಬನ್ನು ಕತ್ತರಿಸಿ, ಕೆಲವು ದಿನ ಸುಮ್ಮನೆ ಬಿಟ್ಟು, ತಿರುಪುಗಳಿಂದ ಬಳೆಗಳನ್ನು ದಿನಕ್ಕೆ 1 ಮಿಲಿಮೀಟರ್‌ನಂತೆ ದೂರ ಸರಿಸುತ್ತಾರೆ. ಅದೂ ಒಮ್ಮೆಗೇ ಅಲ್ಲ, ಕಾಲು ಮಿಲಿಮೀಟರ್‌ನಂತೆ ನಾಲ್ಕು ಸಲ. ಬಿರುಕಿನಲ್ಲಿ ಹೊಸ ಎಲುಬು ಹುಟ್ಟುತ್ತದೆ. ವೇಗ ಹೆಚ್ಚಾದರೆ ಎಲುಬು ಕೂಡದು, ನರಗಳಿಗೂ ಅಪಾಯ. ಕಡಮೆಯಾದರೆ ಬಿರುಕು ಅಕಾಲದಲ್ಲಿ ಬೆಸೆದುಹೋಗುತ್ತದೆ. 5 ಸೆಂಟಿಮೀಟರ್ ಎಳೆಯಲು ಐವತ್ತು ದಿನ ಸಾಕು. ಆದರೆ ಅದು ಗಟ್ಟಿಯಾಗುವವರೆಗೆ ಬಳೆಗಳು ಒಟ್ಟು ಐದಾರು ತಿಂಗಳು ಕಾಲಿನಲ್ಲಿರಬೇಕು. 1981ರಲ್ಲಿ ಇಲಿಜಾರೊವ್ ಇಟಲಿಯಲ್ಲಿ ಉಪನ್ಯಾಸ ಮಾಡಿದ ಮೇಲೆ ಪಶ್ಚಿಮ ದೇಶಗಳು ಈ ವಿಧಾನವನ್ನು ಕೈಗೆತ್ತಿಕೊಂಡವು.

ಆದರೂ ಉದ್ದವೇ ಎಲ್ಲವೂ ಅಲ್ಲ. ಅಸ್ಥಿರವಾದ ಹರಡಿನ ಮೇಲೆ ಕಾಲನ್ನು ಎಳೆದರೆ ಪಾದ ಇನ್ನಷ್ಟು ಸರಿದೀತು. ಆದ್ದರಿಂದ ಮೊದಲು ನಾರಿನ ಪಟ್ಟಿಯನ್ನು ತೆಗೆದು, ಟಿಬಿಯವನ್ನು ಕತ್ತರಿಸಿ ನೆಟ್ಟಗೆ ಮಾಡಿ, ಪಾದವನ್ನು ಅದರ ಕೆಳಗೆ ನಿಲ್ಲಿಸಬೇಕು. ಪಾದ ನಿಲ್ಲುವಂಥದಲ್ಲವೆಂದು ಕಂಡರೆ, ಅಂತರವೂ ಬಹಳವಿದ್ದರೆ, ವೈದ್ಯರು ಇನ್ನೊಂದು ಮಾತನ್ನು ಎತ್ತುತ್ತಾರೆ: ಪಾದವನ್ನು ಹರಡಿನಲ್ಲಿ ತೆಗೆದುಬಿಡುವುದು. ಎಡಿನ್‌ಬರೊದ ಜೇಮ್ಸ್ ಸೈಮ್ 1840ರ ದಶಕದಲ್ಲಿ ರೂಪಿಸಿದ ಈ ಕ್ರಿಯೆಯಲ್ಲಿ ಹಿಮ್ಮಡಿಯ ಮೆತ್ತೆಯನ್ನು ಉಳಿಸಿ ಎಲುಬಿನ ತುದಿಗೆ ಹೊಲಿಯುತ್ತಾರೆ. ನಡೆಯುವ ವಯಸ್ಸಿನ ಸುಮಾರಿಗೆ ಇದಾದ ಮಗು ಕೃತಕ ಕಾಲಿನಿಂದ ಓಡಿಯಾಡುತ್ತದೆ.

ಈ ಮಾತನ್ನು ಮೊದಲು ಓದಿದಾಗ ನನಗೆ ಇದು ವೈದ್ಯರ ಸೋಲೆಂದೇ ತೋರಿತ್ತು. ಈಗ ಹಾಗೆನ್ನಲಾರೆ. ಒಂದು ಕಡೆ ಬಾಲ್ಯದಲ್ಲಿ ಎರಡು ಮೂರು ಸಲ ಬಳೆಗಳು, ತಂತಿ ತೂರಿದೆಡೆ ಸೋಂಕು, ಮೊಣಕಾಲು ಬಿಗಿಯದಂತೆ ನಿತ್ಯ ವ್ಯಾಯಾಮ. ಇನ್ನೊಂದು ಕಡೆ ಒಂದೇ ಶಸ್ತ್ರಕ್ರಿಯೆ, ಆದರೆ ಬೆಳೆದಂತೆಲ್ಲ ಬದಲಿಸಬೇಕಾದ ಕೃತಕ ಕಾಲು, ಮತ್ತೆ ಬಾರದ ಪಾದ. ಆರಿಸುವವರು ತಂದೆತಾಯಿಗಳು, ಮಗುವಿಗೆ ಆಗ ಇನ್ನೂ ಮಾತು ಬಂದಿರುವುದಿಲ್ಲ.