ಎಳೆಗರುಗಳ ಕೀಲುಬಾವು

ಹನೂರು ತಾಲ್ಲೂಕಿನ ಮಾರ್ಟಳ್ಳಿಯು ಮಲೆ ಮಹದೇಶ್ವರ ಬೆಟ್ಟಗಳ ಸೀಮೆಯ ಗ್ರಾಮ. ಈ ಕಡೆಯ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಮಳೆ ತಪ್ಪಿದ ವರ್ಷ ಸಂಸಾರಕ್ಕೆ ಆಸರೆಯಾಗುವುದು ಕೊಟ್ಟಿಗೆಯ ದನ. ಹೀಗಿರುವಲ್ಲಿ, ಹುಟ್ಟಿದಾಗ ದೃಢವಾಗಿದ್ದ ಕರುವು ಒಂದೆರಡು ವಾರಗಳಲ್ಲಿ ಮಂಡಿಯೂದಿ ಕುಂಟತೊಡಗಿದರೆ ರೈತನಿಗಾಗುವ ನಷ್ಟವು ಅಲ್ಪವಲ್ಲ. ಅದು ಬದುಕಿ ಉಳಿದರೂ ನೊಗಕ್ಕಾಗಲಿ ಹಾಲಿಗಾಗಲಿ ಒದಗದೆ ಹೋಗಬಹುದು.

ಇಂತಹ ಊತವನ್ನು ಪೆಟ್ಟಿನಿಂದಾದುದೆಂದೋ ವಾಯುವೆಂದೋ ಭಾವಿಸುವುದುಂಟು. ಆದರೆ ಎಳೆಗರುಗಳಲ್ಲಿ ಈ ರೋಗದ ಬಾಗಿಲು ಸಾಮಾನ್ಯವಾಗಿ ಹೊಕ್ಕುಳು. ಹಸಿಯಾದ ಹೊಕ್ಕುಳಬಳ್ಳಿಯು ಸಗಣಿ ಗಂಜಲಗಳಲ್ಲಿ ತೊಯ್ದಾಗ ರೋಗಾಣುಗಳು ಅದರ ಮೂಲಕ ರಕ್ತವನ್ನು ಸೇರಿ ಕೀಲುಗಳಲ್ಲಿ ನೆಲಸುವುವು.

ಕೀಲಿನಲ್ಲಿ ಕೂಡುವ ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದು. ನಡುವಣ ಅಂಟುದ್ರವವು ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆ. ರೋಗಾಣು ಹೊಕ್ಕಾಗ ಈ ದ್ರವವು ಕೆಟ್ಟು ಕೀವಾಗುವುದು; ಮೃದ್ವಸ್ಥಿಯು ತಿಂದುಹೋಗುವುದು. ಹಾಗೆ ಹಾಳಾದುದು ಮರಳಿ ಮೊದಲಿನಂತಾಗದು; ಕೀಲು ಬಿಗಿದು ಕಾಲು ಮಡಿಸಲಾಗದಂತಾಗುವುದು.

ಇದನ್ನು ತಡೆಯುವ ಕ್ರಮವು ಸುಲಭವಾದುದು. ಹಸುವು ಈಯುವ ಸ್ಥಳವನ್ನು ಗುಡಿಸಿ ಒಣಹುಲ್ಲು ಹಾಸತಕ್ಕದ್ದು. ಹೊಕ್ಕುಳಬಳ್ಳಿಯನ್ನು ಸುಮಾರು 2 ಅಂಗುಲ ಉಳಿಸಿ, ಕುದಿಸಿದ ದಾರದಿಂದ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಬಳ್ಳಿ ಒಣಗುವವರೆಗೆ ದಿನಕ್ಕೆ ಎರಡಾವರ್ತಿ ಅಯೋಡಿನ್ ಹಚ್ಚುತ್ತಿರಬೇಕು.

ಗಿಣ್ಣದ ಹಾಲು ಎರಡನೆಯ ಕಾವಲು. ಮಾಸು ಬೀಳುವ ತನಕ ಕರುವಿಗೆ ಹಾಲೂಡಿಸಬಾರದೆಂಬ ನಂಬಿಕೆ ಕೆಲವರಲ್ಲಿದೆ, ಇದು ಹಾನಿಕರವಾದುದು. ಗಿಣ್ಣದಲ್ಲಿರುವ ರೋಗನಿರೋಧಕ ವಸ್ತುವನ್ನು ಕರುವಿನ ಕರುಳು ಹೀರಿಕೊಳ್ಳುವ ಶಕ್ತಿಯು ಗಂಟೆಗಂಟೆಗೂ ಕುಗ್ಗುತ್ತ ಸುಮಾರು 24 ಗಂಟೆಗಳಲ್ಲಿ ನಿಂತೇಹೋಗುವುದು. ಆದುದರಿಂದ ಹುಟ್ಟಿದ ಒಂದು ಗಂಟೆಯೊಳಗಾಗಿ ಮೊದಲ ಗಿಣ್ಣವನ್ನು ಕುಡಿಸತಕ್ಕದ್ದು. 20 ಕಿಲೋ ತೂಕದ ಕರುವಿಗೆ ಮೊದಲ ದಿನ ಸುಮಾರು 2 ಲೀಟರನ್ನು ಹಲವು ಸಲವಾಗಿ ಕೊಡಬೇಕು.

ಕರುವಿಗೆ ಜ್ವರ ಬಂದು, ಹಾಲು ಕುಡಿಯುವುದು ಕುಗ್ಗಿ, ಹೊಕ್ಕುಳು ದಪ್ಪವಾಗಿ, ಮಂಡಿ ಬಿಸಿಯೇರಿ ಊದಿಕೊಂಡರೆ ಆ ದಿನವೇ ಪಶುವೈದ್ಯರಿಗೆ ತೋರಿಸತಕ್ಕದ್ದು. ಊತಕ್ಕೆ ಬರೆಹಾಕುವುದೂ ಕುಯ್ದು ಕೀವು ತೆಗೆಯುವುದೂ ಕೂಡದು. ವೈದ್ಯರು ವಿಧಿಸಿದ ರೋಗಾಣುನಾಶಕ ಔಷಧಿಯನ್ನು, ಕುಂಟು ಕಡಮೆಯಾಯಿತೆಂದು ನಡುವೆ ನಿಲ್ಲಿಸದೆ, ಹೇಳಿದಷ್ಟು ದಿನವೂ ಕೊಡಿಸಬೇಕು. ಕೀವು ಕೀಲನ್ನು ತಿನ್ನುವ ಮುನ್ನ ಚಿಕಿತ್ಸೆ ದೊರೆತ ಕರುವು ಮತ್ತೆ ನೆಟ್ಟಗೆ ನಡೆಯಬಲ್ಲುದು.