ಬಿತ್ತಿದ ಮೇಲೆ ಬಂದ ಸುಂಕ

ಬೆಳೆ ಹೊಲದಲ್ಲಿರುವಾಗಲೇ ಕೊಳ್ಳುವವರು ಹಿಂದೆ ಸರಿದರೆ ಗತಿಯೇನು? ಅಮೆರಿಕದ ಸೋಯಾ ಅವರೆ ಬೆಳೆಗಾರರಿಗೆ 2018ರಲ್ಲಿ ಹೀಗೇ ಆಯಿತು.

ಮೇ ಕೊನೆಗೆ ಬಿತ್ತನೆ ಬಹುಪಾಲು ಮುಗಿದಿತ್ತು. ಜುಲೈ 6ರಂದು ಅವರ ಸರ್ಕಾರ 3,400 ಕೋಟಿ ಡಾಲರ್ ಬೆಲೆಯ ಚೀನಾ ಸರಕಿನ ಮೇಲೆ ಶೇಕಡಾ 25 ಸುಂಕ ಹೇರಿತು. ಚೀನಾ ಅಂದೇ ಅಮೆರಿಕದ ಸೋಯಾ ಅವರೆಗೂ ಅಷ್ಟೇ ಸುಂಕ ವಿಧಿಸಿ, ಬ್ರೆಜಿಲ್‌ನಿಂದ ಹೆಚ್ಚು ಕೊಂಡಿತು. 2017ರಲ್ಲಿ ಸುಮಾರು 1,200 ಕೋಟಿ ಡಾಲರಿನಷ್ಟಿದ್ದ ಈ ರಫ್ತು ಮರುವರ್ಷ ಸುಮಾರು 300 ಕೋಟಿಗೆ ಇಳಿಯಿತು, ಧಾರಣೆಯೂ ಕುಸಿಯಿತು.

ಸರ್ಕಾರ ಪರಿಹಾರ ನೀಡಿತು. 2020ರ ಒಪ್ಪಂದದ ನಂತರ ವ್ಯಾಪಾರ ಚೇತರಿಸಿಕೊಂಡಿತು. ಆದರೆ 2025ರಲ್ಲಿ ಸುಂಕದ ಜಗಳ ಮರುಕಳಿಸಿ, ಚೀನಾ ತಿಂಗಳುಗಟ್ಟಲೆ ಖರೀದಿ ನಿಲ್ಲಿಸಿತು.

ನಾಳಿನ ಸುಂಕ ತಿಳಿಯದ ರೈತ ಟ್ರ್ಯಾಕ್ಟರ್ ಕೊಳ್ಳಲು ಹಿಂಜರಿಯುತ್ತಾನೆ. ಆ ಪೆಟ್ಟು ಕಾರ್ಖಾನೆಗೂ ಮುಟ್ಟುತ್ತದೆ. ಒಬ್ಬನೇ ಗಿರಾಕಿಯನ್ನು ನೆಚ್ಚಿದರೆ ಒಳ್ಳೆಯ ಇಳುವರಿಯೂ ಕಾಪಾಡದೆಂಬುದನ್ನು ನೀವೂ ನೆನಪಿಡಿ.