ಶೇಕಡ 5ರ ಎಲ್ಲೆ: ಡಲ್ಲಾಸಿನ ಜೋಡಿ ಪ್ರಯೋಗಶಾಲೆ

ಕೊಲೆಸ್ಟರಾಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ರಕ್ತಪರೀಕ್ಷೆಯ ಚೀಟಿಯೂ ವೈದ್ಯರ ಎಚ್ಚರಿಕೆಯೂ ನೆನಪಾಗುವುದು ಸಹಜವೇ ಆದರೂ, ಆ ಮೇಣದಂತಹ ವಸ್ತುವಿಲ್ಲದೆ ನಮ್ಮ ಶರೀರದ ಒಂದು ಜೀವಕೋಶವೂ ತನ್ನ ಹೊರಪೊರೆಯನ್ನು ಭದ್ರವಾಗಿ ಕಟ್ಟಿಕೊಳ್ಳಲಾರದು. ಕೊರತೆಯೂ ಸಲ್ಲದು, ಅತಿಯೂ ಸಲ್ಲದು. ಹೀಗಿರಲು, ಕಣ್ಣಿಲ್ಲದ, ತಕ್ಕಡಿಯಿಲ್ಲದ ಜೀವಕೋಶವು ತನ್ನಲ್ಲಿರುವ ಕೊಲೆಸ್ಟರಾಲನ್ನು ಅಳೆಯುವುದೆಂತು? ಈ ಒಂದು ಪ್ರಶ್ನೆಗೆ ದಶಕಗಳ ದುಡಿಮೆಯನ್ನು ಮುಡಿಪಾಗಿಟ್ಟ ಪ್ರಯೋಗಶಾಲೆ ಅಮೆರಿಕದ ಟೆಕ್ಸಸ್ ಪ್ರಾಂತದ ಡಲ್ಲಾಸ್ ನಗರದಲ್ಲಿದೆ.

1966ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯರಾಗಿ ಭೇಟಿಯಾದ ಮೈಕೇಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಇವರಿಬ್ಬರೂ 1970ರ ದಶಕದ ಆರಂಭದಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಸಂಸ್ಥೆಯನ್ನು ಸೇರಿ, ಒಂದೇ ಪ್ರಯೋಗಶಾಲೆಯನ್ನು ಜೊತೆಯಾಗಿ ನಡೆಸತೊಡಗಿದರು. ಬಾಲ್ಯದಲ್ಲಿಯೇ ಹೃದಯಾಘಾತಕ್ಕೆ ತುತ್ತಾಗುವ ಮಕ್ಕಳ ಆನುವಂಶಿಕ ವ್ಯಾಧಿಯ ಮೂಲವನ್ನು ಅರಸುತ್ತ, ರೋಗಿಗಳ ಚರ್ಮದ ಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ರಕ್ತದೊಳಗೆ ಕೊಲೆಸ್ಟರಾಲನ್ನು ಹೊತ್ತು ಸಾಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಿಯನ್ನು ಅವರು ಕಂಡುಹಿಡಿದರು. 1985ರ ನೊಬೆಲ್ ಪಾರಿತೋಷಕ ಅದಕ್ಕೆ ಸಂದ ಗೌರವ.

ಆದರೆ ಕಥೆಯ ಸೂಕ್ಷ್ಮತರ ಭಾಗ ತೆರೆದುಕೊಂಡದ್ದು ಅನಂತರವೇ. ಜೀವಕೋಶದೊಳಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲವುಂಟು. ಅಲ್ಲಿ ನೆಲಸಿರುವ ಸ್ಕ್ಯಾಪ್ ಎಂಬ ಪ್ರೋಟೀನು, ಎಸ್‌ಆರ್‌ಇಬಿಪಿ ಎಂಬ ಇನ್ನೊಂದನ್ನು ಸದಾ ಕೈಹಿಡಿದುಕೊಂಡಿರುತ್ತದೆ. ಪೊರೆಯಲ್ಲಿ ಕೊಲೆಸ್ಟರಾಲ್ ಕುಗ್ಗಿದಾಗ, ಕೋಶರಸದಿಂದ ಬಂದ ಕಾಪ್-2 ಪ್ರೋಟೀನುಗಳು ಸ್ಕ್ಯಾಪಿನ ಒಂದು ಹಿಡಿಗೆ ಅಂಟಿಕೊಂಡು, ಪೊರೆಯನ್ನು ಗುಳ್ಳೆಯಂತೆ ಚಿವುಟಿ, ಈ ಜೋಡಿಯನ್ನು ಗಾಲ್ಗಿ ಎಂಬ ಇನ್ನೊಂದು ಪೊರೆಯೆಡೆಗೆ ಸಾಗಿಸುತ್ತವೆ. ಅಲ್ಲಿ ಎರಡು ಕಿಣ್ವಗಳ ಕತ್ತರಿಗೆ ಸಿಕ್ಕಿ ಬಿಡುಗಡೆಗೊಂಡ ಎಸ್‌ಆರ್‌ಇಬಿಪಿಯ ತುಣುಕು ಕೋಶಕೇಂದ್ರವನ್ನು ಹೊಕ್ಕು, ಕೊಲೆಸ್ಟರಾಲನ್ನು ತಯಾರಿಸುವ ಮತ್ತು ಹೊರಗಿನಿಂದ ತರಿಸುವ ಜೀನುಗಳನ್ನು ಎಚ್ಚರಿಸುತ್ತದೆ. ಆ ಹಿಡಿಯಾದರೋ ಕೇವಲ ಆರು ಅಮೈನೋ ಆಮ್ಲಗಳ ಸಾಲು. ಕೊಲೆಸ್ಟರಾಲ್ ಸಮೃದ್ಧವಾಗಿರುವಾಗ ಅದು ಸ್ಕ್ಯಾಪಿಗೆ ಬಂದು ಕೂಡಿ ಅದರ ಆಕಾರವನ್ನೇ ಬದಲಿಸಲು, ಹಿಡಿ ಪಕ್ಕಕ್ಕೆ ಸರಿಯುತ್ತದೆ. ಇನ್ಸಿಗ್ ಎಂಬ ಕಾವಲಿನ ಪ್ರೋಟೀನು ಸ್ಕ್ಯಾಪನ್ನು ತಬ್ಬಿ ನಿಲ್ಲಿಸುತ್ತದೆ. ಕಾಪ್-2ಕ್ಕೆ ಅಂಟಲು ಎಡೆಯಿಲ್ಲದೆ ಪ್ರಯಾಣ ನಿಂತುಹೋಗುತ್ತದೆ.

ಎಷ್ಟಾದರೆ ಸಮೃದ್ಧಿ? 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಬಳಗದವರು ಹ್ಯಾಮ್‌ಸ್ಟರ್ ಎಂಬ ಮೂಷಕದ ಅಂಡಾಶಯದ ಕೋಶಗಳಿಂದ ಕೊಲೆಸ್ಟರಾಲನ್ನು ಹಂತಹಂತವಾಗಿ ಹೀರಿ ತೆಗೆದು, ಉಳಿದೆಲ್ಲ ಪೊರೆಗಳಿಂದ ಆ ಒಂದೇ ಜಾಲವನ್ನು ಬೇರ್ಪಡಿಸಿ ಅಳೆದರು. ಪೊರೆಯ ಕೊಬ್ಬಿನ ಅಣುಗಳಲ್ಲಿ ಕೊಲೆಸ್ಟರಾಲಿನ ಪಾಲು ಶೇಕಡ 5ನ್ನು ಮೀರಿದರೆ ಎಸ್‌ಆರ್‌ಇಬಿಪಿ ಕದಲದು. ಅದಕ್ಕಿಂತ ಇಳಿದರೆ ಕೂಡಲೇ ಹೊರಡುವುದು. ಮಂದಗತಿಯ ಇಳಿತವಲ್ಲ, ದೀಪದ ಗುಂಡಿ ಒತ್ತಿದಂತೆ.

ಕೊಲೆಸ್ಟರಾಲು ಸಿದ್ಧವಾಗುವುದು ಈ ಜಾಲದಲ್ಲಿಯೇ. ಆದರೂ ಹೊರಪೊರೆಗೆ ಹೇರಳವಾಗಿ ಒದಗಿಸಿ, ತನ್ನಲ್ಲಿ ಅತ್ಯಲ್ಪವನ್ನೇ ಉಳಿಸಿಕೊಳ್ಳುತ್ತದೆ. ಕಣದ ರಾಶಿಯಿಂದ ಒಂದು ಹಿಡಿ ರಾಗಿ ತೆಗೆದರೆ ಗೊತ್ತಾಗದು. ಅಕ್ಕಸಾಲಿಗನ ತಕ್ಕಡಿಯಲ್ಲಾದರೋ ಒಂದು ಗುಲಗಂಜಿಯೂ ತಟ್ಟೆಯನ್ನು ಓಲಿಸುತ್ತದೆ. ಈ ಪೊರೆಯ ಬಡತನವೇ ಅದರ ಅಳೆಯುವ ಶಕ್ತಿ.

ಇಂದು ಅಸಂಖ್ಯ ಜನ ನುಂಗುವ ಸ್ಟ್ಯಾಟಿನ್ ಮಾತ್ರೆಯ ಗುಟ್ಟೂ ಇದೇ ತಕ್ಕಡಿಯಲ್ಲಿದೆ. ಮಾತ್ರೆಯು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ತಡೆಯಲು, ಪೊರೆಯ ಪಾಲು ಎಲ್ಲೆಗಿಂತ ಇಳಿಯುತ್ತದೆ, ಸ್ಕ್ಯಾಪ್ ಹೊರಡುತ್ತದೆ, ಹೆಚ್ಚಿದ ಗ್ರಾಹಿಗಳು ರಕ್ತದಿಂದ ಎಲ್‌ಡಿಎಲ್ಲನ್ನು ಸೆಳೆದುಕೊಳ್ಳುತ್ತವೆ. ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಹಿರಿಯರು ಆ ಪುಟ್ಟ ಮಾತ್ರೆಯನ್ನು ನೀರಿನೊಡನೆ ನುಂಗುವಾಗ, ಆರು ಅಮೈನೋ ಆಮ್ಲಗಳ ಆ ಹಿಡಿ ಅವರ ಯಕೃತ್ತಿನ ಕೋಶಕೋಶಗಳಲ್ಲಿ ಮತ್ತೆ ಕೈಗೆಟಕುವಂತಾಗುತ್ತದೆ.